ಎಣ್ಣೆ ಕುಡಿದ ಮರ: ಪಡುಬಿದ್ರಿ ಕರಾವಳಿಯ ರಕ್ಷಣಾ ಲೇಪಗಳ ಚರಿತ್ರೆ

ಹೆಜಮಾಡಿಯಿಂದ ಪಡುಬಿದ್ರಿ, ಎರ್ಮಾಳು, ಉಚ್ಚಿಲ, ಕಾಪು, ಉದ್ಯಾವರಗಳನ್ನು ಹಾದು ಮಲ್ಪೆಯವರೆಗೆ ಹಬ್ಬಿದ ಕಡಲಂಚಿನಲ್ಲಿ ಬಯಲಿಗೆ ತೆರೆದಿಟ್ಟ ಮರಕ್ಕೆ ಶತ್ರುಗಳು ಒಂದಲ್ಲ, ಹಲವು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಬಿದ್ದುಹೋಗುತ್ತದೆ. ಉಳಿದ ತಿಂಗಳುಗಳಲ್ಲಿ ಉರಿಬಿಸಿಲು ಮರದ ಮೇಲ್ಪದರವನ್ನು ಸುಟ್ಟು ಬೂದುಬಣ್ಣಕ್ಕೆ ತಿರುಗಿಸುತ್ತದೆ. ಉಪ್ಪುಗಾಳಿ ಕಬ್ಬಿಣದ ಮೊಳೆಯನ್ನು ತುಕ್ಕು ಹಿಡಿಸುವುದಲ್ಲದೆ ಆ ತುಕ್ಕಿನ ಸುತ್ತಲಿನ ಮರವನ್ನೂ ಮೆದುವಾಗಿಸುತ್ತದೆ. ನೆಲದಿಂದ ಗೆದ್ದಲು, ನೀರಿನಿಂದ ಮರ ಕೊರೆಯುವ ಹುಳು ಏರಿಬರುತ್ತವೆ. ಇವೆಲ್ಲಕ್ಕೂ ಮಿಗಿಲಾದ ಶತ್ರು ಶಿಲೀಂಧ್ರ, ಅಂದರೆ ಮರವನ್ನು ಕೊಳೆಯಿಸುವ ಬೂಸು. ಒಣಮರದ ತೂಕದ ಶೇಕಡ 20ಕ್ಕಿಂತ ಹೆಚ್ಚು ತೇವ ಮರದಲ್ಲಿ ಬಹುಕಾಲ ನಿಂತರೆ ಈ ಬೂಸು ಬೇರೂರುತ್ತದೆ, ತೇವ ಅದಕ್ಕಿಂತ ಕೆಳಗಿಳಿದರೆ ಬೆಳವಣಿಗೆ ನಿಲ್ಲುತ್ತದೆ. ಹೀಗಾಗಿ ಈ ನಾಡಿನಲ್ಲಿ ಮರಕ್ಕೆ ಯಾವ ಲೇಪ ಬಳಿಯಬೇಕು ಎಂಬ ಪ್ರಶ್ನೆ ಅಂದಚೆಂದದ ಪ್ರಶ್ನೆಯಾಗಿ ಹುಟ್ಟಿದ್ದಲ್ಲ. ನೆನೆದ ಮರ ಮತ್ತೆ ಒಣಗಲು ಎಡೆಯುಂಟೋ ಇಲ್ಲವೋ ಎಂಬುದನ್ನು ಅವಲಂಬಿಸಿಯೇ ಅದಕ್ಕೆ ಉತ್ತರ ದೊರೆಯುತ್ತಿತ್ತು.

ಮನೆಯ ಮರಕ್ಕೆ ಉತ್ತರ ಸುಲಭವಾಗಿತ್ತು. ತುಳುನಾಡಿನ ಗುತ್ತಿನ ಮನೆಗಳಲ್ಲಿ, ಕಾರ್ಕಳ ಸೀಮೆಯ ಬಸದಿಗಳಲ್ಲಿ, ಊರೂರಿನ ದೇವಸ್ಥಾನಗಳಲ್ಲಿ ಮಾಡನ್ನು ಗೋಡೆಯಾಚೆ ಬಹುದೂರ ಚಾಚಿ ಸೂರನ್ನು ತಗ್ಗಿಸಿ ಕಟ್ಟಿದ ಕಾರಣ ಕಂಬ, ತೊಲೆ, ದಾರಂದಗಳಿಗೆ ಮಳೆ ನೇರವಾಗಿ ತಾಗುತ್ತಿರಲಿಲ್ಲ. ಮೊದಲು ಹುಲ್ಲು ಮತ್ತು ತೆಂಗಿನ ಮಡಲು, 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕ್ರಮೇಣ ಕೆಂಪು ಹಂಚು, ಗರ್ಭಗುಡಿಗಳಿಗಾದರೆ ಮರದ ಹಲಗೆಯ ಮೇಲೆ ಹೊಡೆದ ತಾಮ್ರದ ತಗಡು ಹೀಗೆ ಹೊದಿಕೆಯ ವಸ್ತು ಬದಲಾದರೂ, ಮರದಿಂದ ನೀರನ್ನು ದೂರವಿಡುವುದೇ ಮರಕ್ಕೆ ಮಾಡಬಹುದಾದ ಮೊದಲ ಉಪಕಾರ ಎಂಬ ತಿಳಿವಳಿಕೆ ಬದಲಾಗಲಿಲ್ಲ. ವಿಜಯನಾಥ ಶೆಣೈ ಅವರು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಸಾಗಿಸಿ ಮತ್ತೆ ನಿಲ್ಲಿಸಿದ ಕುಂಜೂರು ಚೌಕಿಮನೆ, ಮಿಯಾರು ಮನೆಗಳಂಥ ಕಟ್ಟಡಗಳನ್ನು ಬಿಚ್ಚಿ ಜೋಡಿಸಲು ಸಾಧ್ಯವಾದದ್ದು ಆ ಮರಗಳು ತಲೆಮಾರುಗಳ ಕಾಲ ಸೂರಿನಡಿ ಒಣಗಿ ಉಳಿದಿದ್ದರಿಂದ. ದೇವರ ತೇರು ಗಾಲಿಯ ಮೇಲೆ ನಿಂತ ಮರದ ಮಂದಿರವೇ ಆದರೂ ಅದು ಆಕಾಶಕ್ಕೆ ತೆರೆದುಕೊಳ್ಳುವುದು ವರ್ಷದಲ್ಲಿ ಕೆಲವೇ ದಿನ. ಉಳಿದ ಕಾಲವನ್ನು ಅದು ತೇರಿನ ಕೊಟ್ಟಿಗೆಯಲ್ಲಿ ಕಳೆಯುತ್ತದೆ.

ದೋಣಿಗೆ ಸೂರಿಲ್ಲ. ಲೇಪದ ನಿಜವಾದ ಚರಿತ್ರೆ ಆರಂಭವಾಗುವುದು ಅಲ್ಲಿಂದ. ಮರಕ್ಕೆ ಬಳಿಯುವ ವಸ್ತುಗಳಲ್ಲಿ ಮೂಲತಃ ಎರಡು ಬಗೆಗಳಿವೆ. ಒಂದು, ಮರದ ಒಳಕ್ಕೆ ಇಳಿದು ಅದರ ಸೂಕ್ಷ್ಮ ರಂಧ್ರಗಳಲ್ಲಿ ನೆಲೆಸುವ ಎಣ್ಣೆ. ಇದು ನೀರು ಒಳಬರುವ ವೇಗವನ್ನು ತಗ್ಗಿಸುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ, ಆದರೆ ಒಳಸೇರಿದ ನೀರು ಆವಿಯಾಗಿ ಹೊರಹೋಗುವುದಕ್ಕೂ ಅಡ್ಡಬರುವುದಿಲ್ಲ. ಇನ್ನೊಂದು, ಮರದ ಮೇಲೆ ಪೊರೆಯಾಗಿ ನಿಲ್ಲುವ ವಾರ್ನಿಷು, ಬಣ್ಣ ಅಥವಾ ಲೋಹದ ತಗಡು. ಪೊರೆ ಅಖಂಡವಾಗಿರುವಷ್ಟು ಕಾಲ ಇದರ ರಕ್ಷಣೆ ಹೆಚ್ಚು, ಆದರೆ ಎಲ್ಲಿಯೋ ಒಂದು ಬಿರುಕು ಬಿಟ್ಟು ನೀರು ಹಿಂದಕ್ಕೆ ಸೇರಿತೆಂದರೆ ಅದೇ ಪೊರೆ ನೀರನ್ನು ಒಳಗೆ ಕೂಡಿಹಾಕುತ್ತದೆ. ಮೊದಲನೆಯದನ್ನು ಪದೇ ಪದೇ ಬಳಿಯಬೇಕು, ಆದರೆ ಬಳಿಯುವ ಮುನ್ನ ಹಳೆಯದನ್ನು ಕೆರೆದು ತೆಗೆಯಬೇಕಿಲ್ಲ. ಎರಡನೆಯದು ಹೆಚ್ಚು ವರ್ಷ ಬಾಳುತ್ತದೆ, ಆದರೆ ಕೆಟ್ಟಾಗ ಸುಲಭವಾಗಿ ದುರಸ್ತಿಗೆ ಒದಗುವುದಿಲ್ಲ. ಪಶ್ಚಿಮ ಕರಾವಳಿಯ ದೋಣಿಗಾರರು ಶತಮಾನಗಳ ಕಾಲ ನೆಚ್ಚಿದ್ದು ಮೊದಲನೆಯ ಬಗೆಯನ್ನು.

ಈ ಪದ್ಧತಿಯ ಹಳಮೆಗೆ ಅರಬ್ಬಿ ಸಮುದ್ರದ ಆಚೆ ದಡದಲ್ಲಿ ಲಿಖಿತ ಸಾಕ್ಷ್ಯವಿದೆ. 1183ರಲ್ಲಿ ಕೆಂಪು ಸಮುದ್ರದ ಐಧಾಬ್ ಬಂದರಿನಿಂದ ಹಡಗೇರಿದ ಯಾತ್ರಿಕ ಇಬ್ನ್ ಜುಬೈರ್, ಅಲ್ಲಿನ ಹಡಗುಗಳಲ್ಲಿ ಮೊಳೆಯೇ ಇಲ್ಲದೆ ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿಯುವುದನ್ನೂ, ಕಟ್ಟಿ ಮುಗಿಸಿದ ಮೇಲೆ ತುಪ್ಪ, ಹರಳೆಣ್ಣೆ ಇಲ್ಲವೇ ಶಾರ್ಕ್ ಮೀನಿನ ಎಣ್ಣೆ ಸವರುವುದನ್ನೂ ಬರೆದಿಟ್ಟು, ಮೂರರಲ್ಲಿ ಮೀನೆಣ್ಣೆಯೇ ಉತ್ತಮವೆಂದು ಹೇಳಿದ್ದಾನೆ. ಆ ಹಡಗುಗಳ ಮರವೂ ಹುರಿಯೂ ಭಾರತ ಮತ್ತು ಯೆಮನ್‌ನಿಂದ ಬರುತ್ತಿದ್ದವೆಂಬುದು ಅವನ ಬರವಣಿಗೆಯಿಂದಲೇ ತಿಳಿಯುತ್ತದೆ. 13ನೇ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೊ ಹೊರ್ಮುಜಿನ ಹಡಗುಗಳಿಗೆ ಕೀಲೆಣ್ಣೆಯ ಬದಲು ಮೀನೆಣ್ಣೆ ಸವರುವುದನ್ನು ಕಂಡ. 14ನೇ ಶತಮಾನದಲ್ಲಿ ಬಾರ್ಕೂರು ಮತ್ತು ಮಂಗಳೂರುಗಳಲ್ಲಿ ಇಳಿದಿದ್ದ ಇಬ್ನ್ ಬತೂತಾ, ಹುರಿಯಿಂದ ಹೊಲಿದ ಹಡಗು ಬಂಡೆಗೆ ತಾಗಿದರೆ ಬಾಗುತ್ತದೆ, ಮೊಳೆ ಹೊಡೆದದ್ದು ಒಡೆಯುತ್ತದೆ ಎಂದು ವಿವರಿಸಿದ್ದಾನೆ. ಲೇಪದ ದೃಷ್ಟಿಯಿಂದ ಈ ಮಾತು ಮುಖ್ಯವಾದದ್ದು, ಏಕೆಂದರೆ ಅಲೆಯೊಡನೆ ಬಾಗುವ, ಹಲಗೆ ಹಲಗೆಯ ನಡುವೆ ಸದಾ ಅಲುಗಾಡುವ ಒಡಲಿನ ಮೇಲೆ ಗಟ್ಟಿಪೊರೆ ನಿಲ್ಲಲಾರದು. ಮರದೊಡನೆ ಹುರಿಯನ್ನೂ ತೋಯಿಸಿ ಮೆತ್ತಗಿಡುವ ಎಣ್ಣೆಯೊಂದೇ ಅದಕ್ಕೆ ಒಗ್ಗುವಂಥದು. ನೀರಿನಲ್ಲಿ ಮುಳುಗುವ ಅಡಿಭಾಗಕ್ಕೆ ಮಾತ್ರ ಅರಬ್ಬಿ ಸಮುದ್ರದ ನಾವಿಕರು ಸುಣ್ಣವನ್ನು ಪ್ರಾಣಿಯ ಕೊಬ್ಬಿನೊಡನೆ ಅರೆದು ದಪ್ಪವಾಗಿ ಮೆತ್ತುತ್ತಿದ್ದರು.

ತೆಂಗಿನ ನಾಡಿನಲ್ಲಿ ದೋಣಿಗೆ ತೆಂಗಿನೆಣ್ಣೆಯನ್ನು ಬಿಟ್ಟು ಮೀನೆಣ್ಣೆಯನ್ನು ಆರಿಸಿಕೊಂಡದ್ದರ ಹಿಂದೆ ಗಟ್ಟಿಯಾದ ಕಾರಣವಿದೆ. ಕೆಲವು ಎಣ್ಣೆಗಳು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ತಮ್ಮ ಅಣುಗಳನ್ನು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಇವುಗಳನ್ನು ಒಣಗುವ ಎಣ್ಣೆಗಳು ಎನ್ನುತ್ತಾರೆ, ಬಣ್ಣಗಾರರ ಅಗಸೆ ಎಣ್ಣೆ ಇದಕ್ಕೆ ಪ್ರಸಿದ್ಧ ಉದಾಹರಣೆ. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಶೇಕಡ 90ರಷ್ಟು ಪರ್ಯಾಪ್ತವಾದವು, ಅಂದರೆ ಆಮ್ಲಜನಕದೊಡನೆ ಕೂಡಲು ಅವುಗಳಲ್ಲಿ ಎಡೆಯಿಲ್ಲ; ಆದುದರಿಂದ ಅದು ಎಷ್ಟು ದಿನ ಕಳೆದರೂ ಒಣಗದೆ ಜಿಡ್ಡಾಗಿಯೇ ಉಳಿದು ಕಮಟು ಹಿಡಿಯುತ್ತದೆ. ತುಳುವರು ಬೂತಾಯಿ ಎಂದು ಕರೆಯುವ ಮೀನಿನ ಎಣ್ಣೆಯಾದರೋ ಅಪರ್ಯಾಪ್ತ ಆಮ್ಲಗಳಿಂದ ತುಂಬಿದ್ದು, ಬಿಸಿಲಿಗೆ ಮರದೊಳಗೆ ನಿಧಾನವಾಗಿ ಅಂಟುಗಟ್ಟಿ ನಿಲ್ಲುತ್ತದೆ. ರಾಸಾಯನಿಕ ವಿವರಣೆ ಸಿಗುವುದಕ್ಕೆ ಬಹಳ ಮೊದಲೇ ಮೊಗವೀರರು ಮತ್ತು ಖಾರ್ವಿಗಳು ಇದನ್ನು ಕೈಯಳತೆಯಲ್ಲಿ ಅರಿತಿದ್ದರು ಎಂಬುದನ್ನು ಅವರ ಆಯ್ಕೆಯೇ ಸಾರುತ್ತದೆ.

ಹಳೆಯ ಪದ್ಧತಿಯಲ್ಲಿ ಬೂತಾಯಿಯನ್ನು ಮರದ ತೊಟ್ಟಿಗಳಲ್ಲಿ ಬಿಸಿಲಿಗಿಟ್ಟು ಕೊಳೆಯಿಸಿ ಮೇಲೆ ತೇಲಿದ ಎಣ್ಣೆಯನ್ನು ಬಸಿದುಕೊಳ್ಳುತ್ತಿದ್ದರು. ಆಗ ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದ ಮಲಬಾರ್ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ 20ನೇ ಶತಮಾನದ ಮೊದಲ ದಶಕದಲ್ಲಿ ಮೀನುಗಾರಿಕೆಯ ಸುಧಾರಣೆಗೆ ತೊಡಗಿದ ಫ್ರೆಡ್ರಿಕ್ ನಿಕೊಲ್ಸನ್, ಮೀನನ್ನು ತಾಜಾ ಇರುವಾಗಲೇ ಬೇಯಿಸಿ ಹಿಂಡುವ ಕ್ರಮವನ್ನು ಪ್ರಚಾರಕ್ಕೆ ತಂದ ಬಳಿಕ, ಕರಾವಳಿಯುದ್ದಕ್ಕೂ ಸಣ್ಣ ಸಣ್ಣ ಎಣ್ಣೆ ಕಾರ್ಖಾನೆಗಳು ಹುಟ್ಟಿಕೊಂಡವು. ಹಿಂಡಿ ಉಳಿದ ಭಾಗ ಗೊಬ್ಬರವಾಗಿ ತೋಟಗಳಿಗೂ, ಎಣ್ಣೆ ಚರ್ಮ ಹದಮಾಡುವ ಮತ್ತು ಸೆಣಬಿನ ಉದ್ಯಮಗಳಿಗೂ ಹೋಗತೊಡಗಿತು. ದೋಣಿಯ ಮನೆಬಳಕೆಯ ವಸ್ತುವೊಂದು ಹೀಗೆ ಪೇಟೆಯ ಸರಕಾಯಿತು. ಬೂತಾಯಿ ಕಡಲಿಗೆ ಬರುವ ಪ್ರಮಾಣ ವರ್ಷದಿಂದ ವರ್ಷಕ್ಕೆ ವಿಪರೀತವಾಗಿ ಏರಿಳಿಯುವಂಥದು. 1940ರ ದಶಕದಲ್ಲಂತೂ ಅದು ಬಹುಮಟ್ಟಿಗೆ ಕೈಕೊಟ್ಟಿತು.

ಘಟ್ಟದ ಕಾಡು ಒದಗಿಸುತ್ತಿದ್ದ ರಾಳವನ್ನೂ ಇಲ್ಲಿ ಹೇಳಬೇಕು. ಸಾಲುಧೂಪ ಮತ್ತು ಕರಿಧೂಪದ ಮರಗಳ ತೊಗಟೆಗೆ ಕಚ್ಚು ಹಾಕಿದಾಗ ಒಸರುವ ಅಂಟನ್ನು ಎಣ್ಣೆಯೊಡನೆ ಕುದಿಸಿ, ಹಲಗೆಗಳ ಸಂದಿಗೆ ತುರುಕಿದ ನಾರಿನ ಮೇಲೆ ಹಚ್ಚುತ್ತಿದ್ದರು. ಸುರಹೊನ್ನೆಯ ಬೀಜದ ಎಣ್ಣೆಯೂ ಇದೇ ಕೆಲಸಕ್ಕೆ ಒದಗುತ್ತಿತ್ತು. ದೋಣಿ ಕಟ್ಟುವ ಆಚಾರಿಗಳು ಮರವನ್ನೇ ನೋಡಿ ಆರಿಸುತ್ತಿದ್ದರು: ಬೋಗಿ, ಸಾಗುವಾನಿ, ಹೆಬ್ಬಲಸುಗಳ ಕಾಳಿನಲ್ಲಿ, ಅಂದರೆ ತಿರುಳಿನ ಗಟ್ಟಿಭಾಗದಲ್ಲಿ, ಕೊಳೆತವನ್ನು ತಡೆಯುವ ಗುಣ ಸಹಜವಾಗಿಯೇ ಇದೆ, ಮಾವಿನ ಮರ ಅಗ್ಗವಾದರೂ ಆ ಗುಣವಿಲ್ಲದ್ದರಿಂದ ಅದಕ್ಕೆ ಎಣ್ಣೆಯ ಆರೈಕೆ ಹೆಚ್ಚು ಬೇಕಾಗುತ್ತಿತ್ತು. ಉತ್ತಮ ಮರಕ್ಕೆ ಸಾಧಾರಣ ಲೇಪ ಸಾಕು, ಸಾಧಾರಣ ಮರವನ್ನು ಎಷ್ಟೇ ಉತ್ತಮ ಲೇಪವೂ ಬಹುಕಾಲ ಕಾಪಾಡಲಾರದು ಎಂಬ ಈ ಹಳೆಯ ಲೆಕ್ಕ ಇಂದಿನ ಪ್ಲೈವುಡ್ಡಿಗೂ ಸಲ್ಲುತ್ತದೆ.

ಈ ಕರಾವಳಿಯದೇ ಎನ್ನಬಹುದಾದ ಲೇಪ ಗೇರೆಣ್ಣೆ. ಪೋರ್ಚುಗೀಸರು 16ನೇ ಶತಮಾನದಲ್ಲಿ ಬ್ರೆಜಿಲಿನಿಂದ ತಂದ ಗೇರು ಮರ ಪಡುಬಿದ್ರಿಯ ಮರಳಿನಿಂದ ಕಾರ್ಕಳದ ಮುರಕಲ್ಲಿನ ಗುಡ್ಡದವರೆಗೆ ತಾನಾಗಿಯೇ ಹಬ್ಬಿತು. ಗೇರುಬೀಜದ ಚಿಪ್ಪಿನ ಎರಡು ಪದರಗಳ ನಡುವೆ ಜೇನುಗೂಡಿನಂಥ ಕೋಶಗಳಿದ್ದು, ಅವುಗಳಲ್ಲಿ ತುಂಬಿರುವ ದ್ರವ ಸಾಮಾನ್ಯ ಅರ್ಥದ ಎಣ್ಣೆಯಲ್ಲ. ಅದು ಫಿನಾಲ್ ಗುಂಪಿಗೆ ಸೇರಿದ ಸಂಯುಕ್ತಗಳ ಮಿಶ್ರಣ. ಅದರ ಬಹುಭಾಗವಾದ ಅನಕಾರ್ಡಿಕ್ ಆಮ್ಲ ಕಾಯಿಸಿದಾಗ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಕಾರ್ಡನಾಲ್ ಎಂಬ ದ್ರವವಾಗುತ್ತದೆ. ಒಣಗುವ ಎಣ್ಣೆಯ ಬಾಲ, ಫಿನಾಲಿನ ತಲೆ ಎರಡೂ ಒಂದೇ ಅಣುವಿನಲ್ಲಿ ಇರುವುದು ಇದರ ವಿಶೇಷ: ಬಾಲದಿಂದಾಗಿ ಅದು ಗಾಳಿಗೆ ಗಟ್ಟಿಯಾಗುತ್ತದೆ, ತಲೆಯಿಂದಾಗಿ ಹುಳುವಿಗೂ ಬೂಸಿಗೂ ಕಹಿಯಾಗುತ್ತದೆ. ಇದರ ಕಡುಗಂದು ಬಣ್ಣವೂ ಉಪಕಾರಿಯೇ, ಏಕೆಂದರೆ ಬಿಸಿಲಿನ ಅತಿನೇರಳೆ ಕಿರಣಗಳು ಮರದ ನಾರುಗಳನ್ನು ಬಂಧಿಸುವ ಲಿಗ್ನಿನ್ ಎಂಬ ವಸ್ತುವನ್ನು ಮುರಿಯುತ್ತವೆ. ತಿಳಿಯಾದ ವಾರ್ನಿಷಿನಲ್ಲಿ ಆ ಕಿರಣಗಳು ಹಾದುಹೋಗಿ ಪೊರೆಯ ಕೆಳಗಿನ ಮರವನ್ನೇ ಸಡಿಲಿಸುವುದರಿಂದ ವಾರ್ನಿಷು ಸಿಪ್ಪೆಯೇಳುತ್ತದೆ, ಕಪ್ಪು ಎಣ್ಣೆ ಅವುಗಳನ್ನು ಮೇಲೆಯೇ ತಡೆಯುತ್ತದೆ.

1920ರ ದಶಕದಲ್ಲಿ ಮಂಗಳೂರಿನಲ್ಲಿ ಪಿಯರ್ಸ್ ಲೆಸ್ಲಿ ಕಂಪನಿ ಗೇರುಬೀಜದ ಕಾರ್ಖಾನೆ ತೆರೆದ ಮೇಲೆ ಈ ಉದ್ಯಮ ಉಡುಪಿ, ಕಾರ್ಕಳ, ಕುಂದಾಪುರಗಳಿಗೂ ಹರಡಿತು. ಆರಂಭದಲ್ಲಿ ಬೀಜವನ್ನು ನೇರ ಬೆಂಕಿಯ ಮೇಲೆ ಹುರಿಯುತ್ತಿದ್ದುದರಿಂದ ಚಿಪ್ಪಿನ ಎಣ್ಣೆ ಹೊಗೆಯಾಗಿ ಹೋಗುತ್ತಿತ್ತು. 1930ರ ದಶಕದಲ್ಲಿ ಬಂದ ಕ್ರಮದಲ್ಲಿ ಬೀಜವನ್ನು ಕಾದ ಗೇರೆಣ್ಣೆಯಲ್ಲಿಯೇ ಮುಳುಗಿಸಿದಾಗ ಚಿಪ್ಪಿನ ಕೋಶಗಳು ಒಡೆದು ಹೊಸ ಎಣ್ಣೆ ಅದೇ ಕೊಪ್ಪರಿಗೆಗೆ ಸೇರುತ್ತಿತ್ತು. ಎಣ್ಣೆ ಹೇರಳವಾಗಿ ದೊರೆಯತೊಡಗಿದಂತೆ ಅದು ಹೊರದೇಶಗಳಲ್ಲಿ ಮೋಟಾರುಗಳ ಬ್ರೇಕ್ ಲೈನಿಂಗಿಗೂ ವಾರ್ನಿಷಿಗೂ ಬಳಕೆಯಾಯಿತು. ಊರಿನಲ್ಲಿ ದೋಣಿಯ ಒಡಲಿಗೆ, ಮನೆಯ ಪಕ್ಕಾಸು, ರೀಪು, ಬಾಗಿಲುಗಳಿಗೆ, ಎತ್ತಿನ ಗಾಡಿಗೆ ಬಳಿಯುವ ಅಗ್ಗದ ರಕ್ಷಕವಾಯಿತು. ಈ ಎಣ್ಣೆಯ ಗುಣವನ್ನು ಹೊಗಳುವವರು ಅದರ ಬೆಲೆ ತೆತ್ತವರನ್ನು ಮರೆಯುವುದು ನ್ಯಾಯವಲ್ಲ. ಮರದ ಹುಳುವಿಗೆ ವಿಷವಾದದ್ದು ಮನುಷ್ಯರ ಚರ್ಮಕ್ಕೂ ಉರಿಯೇ. ಬೀಜ ಒಡೆಯುವ ಹೆಂಗಸರು ಕೈಗೆ ಬೂದಿ, ಸುಣ್ಣ ಅಥವಾ ಹರಳೆಣ್ಣೆ ಸವರಿಕೊಂಡು ದಿನವಿಡೀ ಕುಳಿತರೂ ಬೆರಳುಗಳು ಕಪ್ಪಾಗಿ ಸುಲಿಯುತ್ತಿದ್ದವು, ಮತ್ತು ಕರಾವಳಿಯ ದೋಣಿಗಳು ಅಷ್ಟು ಅಗ್ಗವಾಗಿ ಬಾಳಿದ್ದರಲ್ಲಿ ಆ ಕೈಗಳ ಪಾಲು ದೊಡ್ಡದು.

ಎಣ್ಣೆಯ ಪದ್ಧತಿ ನಡೆಯುತ್ತಿದ್ದುದು ಮಳೆಗಾಲವೆಂಬ ಕಡ್ಡಾಯದ ಬಿಡುವನ್ನು ನಂಬಿ. ಪಡುಬಿದ್ರಿ, ಹೆಜಮಾಡಿ, ಎರ್ಮಾಳುಗಳ ತೆರೆದ ಮರಳ ದಂಡೆಯಲ್ಲಿ ಬಂದರಿಲ್ಲದ ಕಾರಣ ದೋಣಿಯನ್ನು ಕೆಲಸ ಮುಗಿದೊಡನೆ ಮೇಲಕ್ಕೆ ಎಳೆಯಲೇಬೇಕಾಗಿತ್ತು. ಹೀಗೆ ಅದರ ಒಡಲು ಮತ್ತೆ ಮತ್ತೆ ಒಣಗುತ್ತಿದ್ದುದರಿಂದ, ಸದಾ ನೀರಿನಲ್ಲಿದ್ದರೆ ಮಾತ್ರ ಬದುಕುವ ಕಡಲಹುಳು ಅದರಲ್ಲಿ ನೆಲೆಯೂರುತ್ತಿರಲಿಲ್ಲ. ಬೇಸಗೆಯ ಕೊನೆಗೆ ದೋಣಿಗಳನ್ನು ತೆಂಗಿನ ತೋಪಿನ ನೆರಳಿಗೆ ಸೇರಿಸಿ, ಒಣಗಿದ ಮರಕ್ಕೆ ಎಣ್ಣೆ ಕುಡಿಸಿ, ಮಡಲಿನ ಮಾಡು ಹೊದಿಸಿಟ್ಟು, ನೂಲಹುಣ್ಣಿಮೆಯ ಹೊತ್ತಿಗೆ ಸಮುದ್ರಪೂಜೆ ಮಾಡಿ ಕಡಲಿಗಿಳಿಸುವ ವಾಡಿಕೆಯಲ್ಲಿ ದುರಸ್ತಿಗೆ ಬೇಕಾದ ವಿರಾಮ ಸೇರಿಕೊಂಡೇ ಇತ್ತು. ನೂರಾರು ಕೈಗಳು ಕೂಡಿ ಎಳೆಯುತ್ತಿದ್ದ ರಂಪಣಿ ಬಲೆಯ ದೋಣಿಗಳಿಗೂ ಇದೇ ಆರೈಕೆ. ಲೇಪದ ಬಾಳಿಕೆ ಒಂದೇ ವರ್ಷವೆಂದು ಇದನ್ನು ಹಿಂದುಳಿದ ತಂತ್ರವೆನ್ನುವುದು ಸರಿಯಲ್ಲ. ವರ್ಷಕ್ಕೊಮ್ಮೆ ಮರವನ್ನು ಅಂಗುಲ ಅಂಗುಲವಾಗಿ ಮುಟ್ಟಿ ನೋಡುವ ಅವಕಾಶವೇ ಅದರ ಬಲವಾಗಿತ್ತು.

ಯಂತ್ರದ ದೋಣಿಗಳು ಬಂದಾಗ ಈ ವ್ಯವಸ್ಥೆ ಬುಡದಲ್ಲಿಯೇ ಕದಲಿತು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಮಲ್ಪೆಯಲ್ಲಿ ಟ್ರಾಲ್ ಬೋಟುಗಳು, 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು ರಂಪಣಿಯನ್ನು ಹಿಂದಕ್ಕೆ ಸರಿಸಿದವು. ಅವು ದಡಕ್ಕೆ ಎಳೆಯಲಾಗದಷ್ಟು ಭಾರವಾದವು. ತಿಂಗಳುಗಟ್ಟಲೆ ಅಳಿವೆಯ ಉಪ್ಪುನೀರಿನಲ್ಲಿ ಲಂಗರು ಹಾಕಿ ನಿಲ್ಲುವಂಥವು. ಒಣಗಲು ಎಡೆಯಿಲ್ಲದ ಮರಕ್ಕೆ ಎಣ್ಣೆ ಏನೂ ಮಾಡಲಾರದು. ಕಡಲಹುಳು ಹಲಗೆಯ ಒಳಗನ್ನು ಟೊಳ್ಳಾಗಿಸಿದರೂ ಹೊರಮೈ ನಯವಾಗಿಯೇ ಕಾಣುತ್ತಿರುತ್ತದೆ. ಇಂಗ್ಲೆಂಡಿನ ನೌಕಾಪಡೆ ಇದೇ ಹುಳುವಿಗೆ ಹೆದರಿ 1761ರಲ್ಲಿ ಅಲಾರ್ಮ್ ಎಂಬ ಹಡಗಿನ ಅಡಿಗೆ ತಾಮ್ರದ ತಗಡು ಹೊದಿಸಿ ನೋಡಿತ್ತು. ಇಲ್ಲಿ ಡಾಂಬರು, ತಾಮ್ರದ ಆಕ್ಸೈಡ್ ಬೆರೆಸಿದ ಕೆಂಪು ಬಣ್ಣ, ಅಲ್ಯೂಮಿನಿಯಂ ತಗಡು ಎಲ್ಲವೂ ಪ್ರಯೋಗವಾದವು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೋಂಟಿ ಕಾಮೇಶಂ 1933ರಲ್ಲಿ ರೂಪಿಸಿದ ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಲವಣದ್ರಾವಣವನ್ನು ಒತ್ತಡದಿಂದ ಮರಕ್ಕೆ ಇಳಿಸುವ ಕ್ರಮ ಜಗತ್ತಿನಾದ್ಯಂತ ಬಳಕೆಗೆ ಬಂದಿತ್ತು. 1957ರಲ್ಲಿ ಸ್ಥಾಪನೆಯಾದ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಅದನ್ನು ರಬ್ಬರ್ ಮರದಂಥ ಮೆದುಮರಕ್ಕೂ ಅನ್ವಯಿಸಿ, ಅದರ ಮೇಲೆ ಫೈಬರ್ ಗ್ಲಾಸ್ ಹೊದಿಸಿ ದೋಣಿ ಕಟ್ಟಿತೋರಿಸಿತು.

ಫೈಬರ್ ಗ್ಲಾಸ್ ಎಂದರೆ ಗಾಜಿನ ನೂಲಿನ ಚಾಪೆಯನ್ನು ಪಾಲಿಯೆಸ್ಟರ್ ಅಥವಾ ಎಪಾಕ್ಸಿ ರಾಳದಲ್ಲಿ ತೋಯಿಸಿ ಗಟ್ಟಿಗೊಳಿಸಿದ ಪೊರೆ. ಹೊರಗಟ್ಟಿದ ಎಂಜಿನ್ನುಗಳು ನಾಡದೋಣಿಗಳಿಗೂ ಬಂದಂತೆ ಹಗುರವಾದ ಈ ವಸ್ತು ಮರದ ಹೊದಿಕೆಯಾಗಿ ಬಂದು ಕೊನೆಗೆ ಮರವನ್ನೇ ಬದಿಗೆ ಸರಿಸಿತು. ಆದರೆ ಅದನ್ನು ಮರದ ಮೇಲೆ ಹೊದಿಸಿದ ಕಡೆಯಲ್ಲೆಲ್ಲ ಒಂದು ಪಾಠ ಕಾದಿತ್ತು. ಎಣ್ಣೆ ಕುಡಿದ ಹಳೆಯ ಹಲಗೆಗೆ ರಾಳ ಹಿಡಿಯುವುದಿಲ್ಲ. ಪಾಲಿಯೆಸ್ಟರಿಗಿಂತ ಎಪಾಕ್ಸಿ ಮರಕ್ಕೆ ಬಿಗಿಯಾಗಿ ಅಂಟುತ್ತದೆ, ಆದರೆ ಬೆಲೆ ಹೆಚ್ಚು, ಬಿಸಿಲಿಗೆ ಸುಣ್ಣದಂತೆ ಪುಡಿಯಾಗುವುದರಿಂದ ಅದರ ಮೇಲೊಂದು ಬಣ್ಣವೂ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೊಳೆಯ ತೂತಿನಿಂದಲೋ ಒಳಗೆ ನಿಂತ ಮಳೆನೀರಿನಿಂದಲೋ ಮರ ಒಮ್ಮೆ ನೆನೆದರೆ ಹೊರಗಿನ ಪೊರೆ ಅದನ್ನು ಒಣಗಲು ಬಿಡುವುದಿಲ್ಲ. ಒಂದು ಮೈಯನ್ನು ಮುಚ್ಚಿ ಇನ್ನೊಂದನ್ನು ತೆರೆದಿಡುವುದಕ್ಕಿಂತ ಎರಡನ್ನೂ ಎಣ್ಣೆಗೆ ಬಿಡುವುದು ಮೇಲು. ಪೊರೆಯನ್ನು ನಂಬುವುದಾದರೆ ಹಲಗೆಯ ಆರು ಮೈಗಳನ್ನೂ, ಪ್ರತಿಯೊಂದು ಅಂಚನ್ನೂ, ಪ್ರತಿ ತೂತಿನ ಒಳಗೋಡೆಯನ್ನೂ ಮುಚ್ಚಬೇಕು.

ಗಾಲಿಯ ಮೇಲಿನ ಮರದ ಕೋಣೆಗಳಿಗೂ ಇದೇ ಪ್ರಶ್ನೆ ಎದುರಾಗಿತ್ತು. 1914ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಅಂದರೆ ಜನರ ಬಾಯಿಯ ಸಿಪಿಸಿ, ಮೋಟಾರು ಸಂಚಾರವನ್ನು ಜಿಲ್ಲೆಗೆ ತಂದ ಕಾಲದಲ್ಲಿ ಬಸ್ಸಿನ ಒಡಲೆಂದರೆ ಮರದ ಚೌಕಟ್ಟು. ಅಂಥ ಒಡಲುಗಳಿಗೂ ರೈಲಿನ ಮರದ ಡಬ್ಬಿಗಳ ಮಾಡಿಗೂ ದಪ್ಪ ಕ್ಯಾನ್ವಾಸನ್ನು ಬಿಗಿದು ಮೇಲೆ ಎಣ್ಣೆಬಣ್ಣ ಬಳಿಯುವುದು ಅಂದಿನ ಜಗತ್ತಿನೆಲ್ಲೆಡೆಯ ಕ್ರಮ. ಬಟ್ಟೆ ಮತ್ತು ರಾಳ ಸೇರಿದ ಹೊದಿಕೆಯೆಂಬ ಅರ್ಥದಲ್ಲಿ ಫೈಬರ್ ಗ್ಲಾಸಿನ ಪೂರ್ವಜ ಅದೇ. ಅಮೆರಿಕದಲ್ಲಿ 1930ರ ದಶಕದಿಂದ ಜನ ಮನೆಯಲ್ಲಿಯೇ ಕಟ್ಟಿಕೊಂಡು ಕಾರಿನ ಹಿಂದೆ ಎಳೆದೊಯ್ದ, ಕಣ್ಣೀರ ಹನಿಯ ಆಕಾರದ ಪುಟ್ಟ ಟ್ರೇಲರುಗಳೂ ಪ್ಲೈವುಡ್ಡಿನ ಮೇಲೆ ವಾರ್ನಿಷು, ಬಣ್ಣ ಬಳಿದ ಕ್ಯಾನ್ವಾಸು, ಅಲ್ಯೂಮಿನಿಯಂ ತಗಡು ಎಂಬ ಇದೇ ಆಯ್ಕೆಗಳ ನಡುವೆ ಬೆಳೆದವು. 2020ರಲ್ಲಿ ಬ್ಲೂ ಫ್ಲಾಗ್ ಮಾನ್ಯತೆ ಪಡೆದ ಪಡುಬಿದ್ರಿಯ ಕಡಲತೀರಕ್ಕೆ ಅಂಥ ಒಂದು ಗಾಡಿಯನ್ನು ಕಟ್ಟಿ ತರಬಯಸುವವರಿಗೆ ಕರಾವಳಿಯ ಚರಿತ್ರೆ ಕೊಡುವ ಸಲಹೆ ಸ್ಪಷ್ಟವಾಗಿದೆ. ಗಾಡಿಗೆ ಕೊಟ್ಟಿಗೆಯ ನೆರಳೂ ವರ್ಷಕ್ಕೊಮ್ಮೆ ಎಣ್ಣೆ ಹಚ್ಚುವ ಕೈಗಳೂ ಇದ್ದರೆ ಒಳ್ಳೆಯ ಕಾಳುಮರಕ್ಕೆ ಎಣ್ಣೆಯೇ ಸಾಕು. ಮಳೆಗಾಲವಿಡೀ ಬಯಲಿನಲ್ಲಿ ನಿಲ್ಲುವುದಾದರೆ ಐಎಸ್ 710 ಗುಣಮಟ್ಟದ ಮರೈನ್ ಪ್ಲೈವುಡ್ಡನ್ನೇ ಕೊಂಡು, ನೀರನ್ನು ಮೊದಲು ಹೀರುವ ಅದರ ಅಂಚುಗಳಿಗೆ ಎಪಾಕ್ಸಿ ಕುಡಿಸಿ, ಗಾಜಿನ ಬಟ್ಟೆ ಹೊದಿಸಿ, ಮೇಲೆ ಬಿಸಿಲು ತಾಳುವ ಬಣ್ಣ ಬಳಿಯಬೇಕು. ಹಳೆಯ ಬೋಟಿನ ಅಂದವನ್ನು ನೆನೆದು ತಿಳಿ ವಾರ್ನಿಷು ಬಳಿಯುವವರಿಗೆ ಈ ಬಿಸಿಲು ಬಹುಬೇಗ ಉತ್ತರ ಕೊಡುತ್ತದೆ.

ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಮಲ್ಪೆಯ ಬೋಟುಗಳು ಇಂದಿಗೂ ದುರಸ್ತಿಗೆ ನಿಲ್ಲುತ್ತವೆ, ಆದರೆ ಅವುಗಳಲ್ಲಿ ಮರದವು ಕಡಿಮೆಯಾಗುತ್ತ ಉಕ್ಕಿನವು ಹೆಚ್ಚುತ್ತಿವೆ. ಹೋರಾಟ ಈಗ ಹುಳುವಿನೊಡನೆಯಲ್ಲ, ತುಕ್ಕಿನೊಡನೆ. ಉಕ್ಕಿನ ಹಡಗುಗಳಿಗೆ ಬಳಿಯುವ ಎಪಾಕ್ಸಿಗೆ ಗಟ್ಟಿಕಾರಕವೊಂದನ್ನು ಬೆರೆಸಬೇಕಾಗುತ್ತದೆ, ಮತ್ತು ತೇವವಿರುವ ಮೈಯ ಮೇಲೂ ಕೆಲಸ ಮಾಡಬಲ್ಲ ಕಾರಣಕ್ಕೆ ನೌಕಾ ಉದ್ಯಮ ವಿಶೇಷವಾಗಿ ಮೆಚ್ಚುವ ಫಿನಾಲ್ಕಮೈನ್ ಎಂಬ ಗಟ್ಟಿಕಾರಕವನ್ನು ತಯಾರಿಸುವುದು ಕಾರ್ಡನಾಲ್‌ನಿಂದ, ಅಂದರೆ ಗೇರುಬೀಜದ ಚಿಪ್ಪಿನ ಎಣ್ಣೆಯಿಂದ.